ಡಾಕ್ಟರ್ ಸಂಘದ ವೆಬ್‌ಸೈಟು: ರೊಕ್ಕ ಯಾರದು?

ಇವತ್ತು ಡಾಕ್ಟರುಗಳ ಸಂಘದ ಬಗ್ಗೆ ಮಾತಾಡೋಣ. ದೆಹಲಿಯದೋ ಬೆಂಗಳೂರಿನದೋ ದೊಡ್ಡ ಸಂಘ ಅಲ್ಲ, ತಾಲ್ಲೂಕು ಊರಿನದು. ಆಳಂದ, ಅಫಜಲಪುರ, ಜೇವರ್ಗಿ ಅಂಥ ಊರಲ್ಲಿ ಖಾಸಗಿ ದವಾಖಾನೆಯವರು, ಸರ್ಕಾರಿ ಆಸ್ಪತ್ರೆಯವರು ಸೇರಿ ಐವತ್ತು ಜನರ ಒಂದು ಸಂಘ ಇದೆ ಅಂತ ಇಟ್ಟುಕೊಳ್ಳಿ. ಅವರು ವೆಬ್‌ಸೈಟ್ ಮಾಡಲು ಹೊರಟರೆ ಮೊದಲ ಸಭೆಯಲ್ಲೇ ಏಳುವ ಮಾತು ಒಂದೇ: ರೊಕ್ಕ ಯಾರ್ ಕೊಡ್ತಾರ್ರೀ?

ಈ ಪ್ರಶ್ನೆ ಇಂಟರ್ನೆಟ್‌ಗಿಂತ ಬಹಳ ಹಳೆಯದು. ನಮ್ಮ ದೇಶದಲ್ಲಿ ದಾದಿಯರ ಸಂಘ, ಅಂದರೆ ಟ್ರೇನ್ಡ್ ನರ್ಸಸ್ ಅಸೋಸಿಯೇಶನ್, ಶುರುವಾದದ್ದು 1908ರಲ್ಲಿ. ಎರಡೇ ವರ್ಷಕ್ಕೆ, 1910ರಲ್ಲಿ, ಅವರದೇ ಪತ್ರಿಕೆ ಬಂತು. ವೈದ್ಯರ ಸಂಘ ಐಎಂಎ 1928ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿತು. 1930ರಲ್ಲಿ ನೀಲರತನ ಸರ್ಕಾರ್ ಅವರ ಸಂಪಾದಕತ್ವದಲ್ಲಿ ‘ಇಂಡಿಯನ್ ಮೆಡಿಕಲ್ ವರ್ಲ್ಡ್’ ಎಂಬ ಪತ್ರಿಕೆ ಹೊರಟಿತು, ಮುಂದಿನ ವರ್ಷವೇ ಅದು ಸಂಘದ ಹೆಸರಿನ ಜರ್ನಲ್ ಆಯಿತು. ಸಂಘ ಕಟ್ಟಿದವರಿಗೆ ತಕ್ಷಣ ತಮ್ಮದೇ ಒಂದು ಬಾಯಿ ಬೇಕಾಗುತ್ತದೆ. ಆಗ ಅದು ಪತ್ರಿಕೆ, ಈಗ ವೆಬ್‌ಸೈಟು. ಆದರೆ ಕಾಗದಕ್ಕೂ ಅಂಚೆಗೂ ದುಡ್ಡು ಬೇಕಲ್ಲ? ಸದಸ್ಯರ ಚಂದಾ ಸಾಲದಿದ್ದಾಗ ಉಳಿಯುವ ದಾರಿ ಔಷಧ ಕಂಪನಿಯ ಜಾಹೀರಾತು. ಅಮೆರಿಕದ ವೈದ್ಯರ ಸಂಘ ಈ ಇಕ್ಕಟ್ಟಿಗೆ ಸಿಕ್ಕೇ, ಯಾವ ಔಷಧದ ಜಾಹೀರಾತು ಹಾಕಬಹುದು ಎಂದು ತೂಗಿ ನೋಡಲು 1905ರಲ್ಲಿ ಬೇರೆ ಸಮಿತಿಯನ್ನೇ ಮಾಡಿತ್ತು.

ಕಲ್ಕತ್ತಾದಲ್ಲಿ ಇದೆಲ್ಲ ನಡೆಯುವಾಗ ನಮ್ಮ ಈ ಮೂರು ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ನಾಲ್ಕು ವರ್ಷದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಸಂಘಗಳ ನೋಂದಣಿ ಕಾಯ್ದೆ, 1960ರ ಕಾಯ್ದೆ, ಬಂತು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ, ಇಷ್ಟನ್ನು ರಿಜಿಸ್ಟ್ರಾರ್ ಕಚೇರಿಗೆ ಒಪ್ಪಿಸಬೇಕು. ಆ ಫೈಲು ಕಚೇರಿಯ ಕಪಾಟಿನಲ್ಲಿ ಕೂತಿರುತ್ತದೆ, ಊರಿನ ರೋಗಿಗೆ ಕಾಣುವುದಿಲ್ಲ.

ಈಗ ಆ ಲೆಕ್ಕದ ಒಳಗೆ ಸ್ವಲ್ಪ ಇಣುಕೋಣ. ಐಎಂಎ ಶಾಖೆ ಆದರೆ ಸದಸ್ಯರ ಶುಲ್ಕದಲ್ಲಿ ಒಂದು ಪಾಲು ಕೇಂದ್ರಕ್ಕೆ, ಒಂದು ಪಾಲು ರಾಜ್ಯಕ್ಕೆ ಹೋಗುತ್ತದೆ, ಉಳಿದದ್ದು ಸ್ಥಳೀಯ ಶಾಖೆಗೆ. ಸಣ್ಣ ಶಾಖೆಯ ಕೈಯಲ್ಲಿ ನಿಲ್ಲುವುದು ಎಷ್ಟು ಅಂತ ನೀವೇ ಊಹಿಸಿ. ಇಂಥ ಹೊತ್ತಲ್ಲಿ ಕಂಪನಿ ಪ್ರತಿನಿಧಿ ಬಂದು ‘ಸರ್, ಸೈಟು ನಾವೇ ಮಾಡಿಸಿಕೊಡ್ತೀವಿ, ಕೆಳಗೆ ನಮ್ಮದೊಂದು ಸಣ್ಣ ಲೋಗೋ ಇರಲಿ’ ಅಂದರೆ, ಬೇಡ ಅನ್ನುವುದಕ್ಕೆ ಗಟ್ಟಿ ಮನಸ್ಸು ಬೇಕು.

ಲೋಗೋ ಇದ್ದರೆ ಏನಾಯ್ತು ಅಂತೀರಾ? 2008ರಲ್ಲಿ ಐಎಂಎ ಪೆಪ್ಸಿಕೋ ಕಂಪನಿಯ ಟ್ರಾಪಿಕಾನಾ ಜ್ಯೂಸಿಗೂ ಕ್ವೇಕರ್ ಓಟ್ಸಿಗೂ ತನ್ನ ಹೆಸರು ಕೊಟ್ಟಿತು. ದೊಡ್ಡ ಗದ್ದಲವಾಯಿತು. 2009ರ ಡಿಸೆಂಬರಿನಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ವೈದ್ಯರು ಮತ್ತು ವೈದ್ಯರ ಸಂಘಗಳು ಕಂಪನಿಗಳ ಜೊತೆ ಹೇಗಿರಬೇಕು ಅಂತ ನಿಯಮ ತಂದಿತು: ಉಡುಗೊರೆ ಬೇಡ, ಪ್ರವಾಸ ಬೇಡ, ನಗದು ಬೇಡ. 2010ರಲ್ಲಿ ಜ್ಯೂಸ್ ಪ್ರಕರಣದಲ್ಲಿ ಐಎಂಎಯ ಪದಾಧಿಕಾರಿಗಳ ಮೇಲೆ ಆರು ತಿಂಗಳ ಅಮಾನತಿನ ಕ್ರಮವನ್ನೂ ಅದೇ ಪರಿಷತ್ತು ಕೈಗೊಂಡಿತು.

ಮುಂದೆ ಆದದ್ದನ್ನು ಕೇಳಿ, ನಮ್ಮ ತಾಲ್ಲೂಕು ಸಂಘಕ್ಕೆ ನೇರವಾಗಿ ಸಂಬಂಧಪಟ್ಟದ್ದು ಇದೇ. 2016ರ ಆರಂಭದಲ್ಲಿ ಆ ನಿಯಮದಿಂದ ‘ವೈದ್ಯರ ಸಂಘಗಳು’ ಎಂಬ ಮಾತನ್ನೇ ತೆಗೆದುಹಾಕಿದರು. ಒಬ್ಬ ಡಾಕ್ಟರು ಪೆನ್ನು ತೆಗೆದುಕೊಂಡರೆ ತಪ್ಪು. ಐವತ್ತು ಡಾಕ್ಟರು ಸೇರಿದ ಸಂಘ ಅದೇ ಕಂಪನಿಯಿಂದ ವೆಬ್‌ಸೈಟು ಮಾಡಿಸಿಕೊಂಡರೆ? ನಿಯಮ ಸುಮ್ಮನಿದೆ. ಅದೇ ವರ್ಷದ ಮಾರ್ಚಿನಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ತನ್ನ 92ನೇ ವರದಿಯಲ್ಲಿ ಈ ವಿನಾಯಿತಿಯನ್ನು ಕಟುವಾಗಿಯೇ ಟೀಕಿಸಿತು. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ಹೊಸ ನಿಯಮ ಪ್ರಕಟಿಸಿತು, 23ರಂದು ತಡೆಹಿಡಿಯಿತು. ಮೂರು ವಾರದ ಆಯುಷ್ಯ! 2024ರ ಮಾರ್ಚಿನಲ್ಲಿ ಕೇಂದ್ರದ ಔಷಧ ಇಲಾಖೆ ತಂದ ಮಾರಾಟ ಸಂಹಿತೆಯ ಪ್ರಕಾರ, ವೈದ್ಯರ ತರಬೇತಿ ಕಾರ್ಯಕ್ರಮಕ್ಕೆ ಮಾಡಿದ ಖರ್ಚನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ತೋರಿಸಬೇಕು. ಆ ಸಂಹಿತೆ ಬರೆದದ್ದು ಕಂಪನಿಗಳಿಗೆ, ಸಂಘಗಳಿಗಲ್ಲ.

ಇಷ್ಟಕ್ಕೂ ಸೈಟಿಗೆ ಬೇಕಾದ ದುಡ್ಡು ಎಷ್ಟು? ‘.ಇನ್’ ಹೆಸರುಗಳು ಎಲ್ಲರಿಗೂ ಸುಲಭವಾಗಿ ಸಿಗುವ ಹಾಗಾದದ್ದು 2005ರಲ್ಲಿ. ಈಗ ಒಂದು ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯೂ ಆಗುವುದಿಲ್ಲ. ಕನ್ನಡದ ತೊಡಕೂ ಕಳೆದಿದೆ. 1996ರಲ್ಲಿ ಪವನಜ ಅವರು ‘ವಿಶ್ವ ಕನ್ನಡ’ ತಾಣ ಮಾಡಿದ ಕಾಲಕ್ಕೆ ಓದುವವರ ಕಂಪ್ಯೂಟರಿನಲ್ಲೂ ಅದೇ ಅಕ್ಷರ ಇರಬೇಕಿತ್ತು. ಯೂನಿಕೋಡ್ ಬಂದ ಮೇಲೆ ಜೇವರ್ಗಿಯ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ತೆಗೆದರೂ ಕನ್ನಡ ಕಾಣುತ್ತದೆ. ಐವತ್ತು ಜನ ತಲಾ 200 ರೂಪಾಯಿ ಹಾಕಿದರೆ ಹತ್ತು ಸಾವಿರ. ಅಷ್ಟರಲ್ಲಿ ಹೆಸರು, ಜಾಗ ಎರಡೂ ಬಂದು, ತಿಂಗಳಿಗೊಮ್ಮೆ ಮಾಹಿತಿ ತಿದ್ದುವ ಹುಡುಗನಿಗೂ ಏನಾದರೂ ಕೊಡಬಹುದು. ಕಂಪನಿಯ ಮುಂದೆ ಕೈ ಚಾಚುವಷ್ಟು ದೊಡ್ಡ ಮೊತ್ತ ಇದಲ್ಲ ಅಂತ ನನಗನ್ನಿಸುತ್ತದೆ.

ನಿಜವಾದ ಕಷ್ಟ ಎರಡನೇ ವರ್ಷದ್ದು. ಕಾರ್ಯದರ್ಶಿ ಬದಲಾಗುತ್ತಾರೆ. ಡೊಮೇನ್ ಹಳಬರ ಹೆಸರಿನಲ್ಲೋ, ಸೈಟು ಮಾಡಿಕೊಟ್ಟ ಅಂಗಡಿಯವನ ಹೆಸರಿನಲ್ಲೋ ಇರುತ್ತದೆ. ನವೀಕರಣದ ಮೇಲ್ ಯಾರೂ ತೆರೆಯದ ಪೆಟ್ಟಿಗೆಗೆ ಬರುತ್ತದೆ. ಅವಧಿ ಮುಗಿದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು, ಡಾಕ್ಟರ್ ಸಂಘದ ವಿಳಾಸದಲ್ಲಿ ಲೈಂಗಿಕ ಶಕ್ತಿಯ ಮಾತ್ರೆ ಮಾರಬಹುದು. ಅದಕ್ಕೇ ಹೆಸರು ಸಂಘದ ಹೆಸರಿನಲ್ಲೇ ಇರಲಿ, ಪಾಸ್‌ವರ್ಡು ಸಭೆಯ ನಡಾವಳಿಯ ಜೊತೆ ಹೊಸಬರ ಕೈಗೆ ಹೋಗಲಿ.

ಆಮೇಲೆ ಅದರಲ್ಲಿ ಏನಿರಬೇಕು? ಸನ್ಮಾನದ ಫೋಟೋ ಇರಲಿ ಬಿಡಿ, ಬೇಡ ಅನ್ನಲ್ಲ. ಆಳಂದದ ಮನೆಯವರು ರಾತ್ರಿ ಹನ್ನೊಂದಕ್ಕೆ ರೋಗಿಯನ್ನು ಕಲಬುರಗಿಗೆ ಒಯ್ಯೋದಾ, ಸೊಲ್ಲಾಪುರಕ್ಕಾ ಅಂತ ಗಾಡಿ ಹತ್ತುವ ಮುಂಚೆ, ಊರಲ್ಲೇ ಯಾರ ದವಾಖಾನೆ ತೆರೆದಿದೆ, ಅವರ ನೋಂದಣಿ ಸಂಖ್ಯೆ ಏನು ಅಂತ ಕಾಣಬೇಕು. ಅದರ ಕೆಳಗೆ ಆ ವರ್ಷದ ಆಡಿಟ್ ಲೆಕ್ಕ. ರಿಜಿಸ್ಟ್ರಾರ್ ಕಚೇರಿಗೆ ಹೇಗೂ ಕೊಡ್ತಾರಲ್ಲ, ಅದೇ ಹಾಳೆ.