ಲೋಹಗಳ ಪಾತನವಿಧಿ: ರಸತಂತ್ರದಿಂದ ಕೋಲಾರದವರೆಗೆ

ದ್ರವರೂಪವಾದ ಲೋಹವನ್ನು ಕುದಿಸಿ, ಅದರ ಆವಿಯನ್ನು ತಂಪಿನ ನೆಲೆಗೆ ಒಯ್ದು, ಮರಳಿ ಲೋಹವಾಗಿಯೇ ಹಿಡಿಯುವ ಕ್ರಮಕ್ಕೆ ಭಾರತೀಯ ರಸಗ್ರಂಥಗಳಲ್ಲಿ ಪಾತನವೆಂದು ಹೆಸರು. ಪಾರದದ ಹದಿನೆಂಟು ಸಂಸ್ಕಾರಗಳಲ್ಲಿ ಇದು ಐದನೆಯದು. ಇದನ್ನು ಕುರಿತು ಎರಡು ಅತ್ಯುಕ್ತಿಗಳು ಬಳಕೆಯಲ್ಲಿವೆ. ಪ್ರಾಚೀನರು ಸರ್ವವನ್ನೂ ಬಲ್ಲವರಾಗಿದ್ದರೆಂಬುದು ಒಂದು. ರಸತಂತ್ರವೆಲ್ಲವೂ ಹೊನ್ನಿನಾಸೆಯವರ ಬರಿಯ ಕನಸೆಂಬುದು ಮತ್ತೊಂದು. ಗ್ರಂಥದ ಮಾತನ್ನೂ ಕುಲುಮೆಯ ಸಾಕ್ಷ್ಯವನ್ನೂ ಒಂದೆಡೆ ಇಟ್ಟು ನೋಡಿದಲ್ಲಿ ಎರಡೂ ನಿಲ್ಲವು.

ಪಾತನವು ಊರ್ಧ್ವ, ಅಧಃ, ತಿರ್ಯಕ್ ಎಂದು ಮೂರು ತೆರ. ಪಾರದವನ್ನು ತಾಮ್ರದೊಡನೆ ಅರೆದು ಪಿಷ್ಟಿಮಾಡಿ ಕಾಸಬೇಕೆಂದೂ, ಅದರಿಂದ ನಾಗವಂಗದೋಷಗಳು ಕಳೆಯುವುವೆಂದೂ ವಿಧಿ. ಪಾರದವು 357 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುತ್ತದೆ. ಸೀಸಕ್ಕೆ 1700ಕ್ಕೂ ಮೀರಿದ ಉಷ್ಣ ಬೇಕು, ತವರಕ್ಕೆ ಇನ್ನೂ ಅಧಿಕ. ಆದುದರಿಂದ ಅವು ಕೆಳಗೇ ಉಳಿಯುವುದು ಸಹಜವಾಗಿದೆ. ‘ದೋಷ’ವೆಂಬ ಮಾತು ಇಲ್ಲಿ ಅರ್ಥವಾದವಲ್ಲ, ಕಣ್ಣಾರೆ ಕಂಡ ಬೆರಕೆಯ ಹೆಸರು.

ಇದಕ್ಕಿಂತ ಕಠಿನವಾದದ್ದು ರಸಕ, ಎಂದರೆ ಖರ್ಪರದ ಸತ್ತ್ವಪಾತನ. ಸುಮಾರು ಕ್ರಿ.ಶ. 13ನೆಯ ಶತಮಾನದ ರಸರತ್ನಸಮುಚ್ಚಯದಲ್ಲಿ ಇದರ ವಿವರವಿದೆ. ಅರಿಸಿನ, ತ್ರಿಫಲೆ, ರಾಳ, ಸೈಂಧವ, ಹೊಗೆಮಸಿ, ಟಂಕಣ, ಗೇರುಬೀಜಗಳನ್ನು ಸೇರಿಸಿ, ಹುಳಿಯಲ್ಲಿ ಅರೆದು, ಬದನೆಕಾಯಿಯಾಕಾರದ ವೃಂತಾಕಮೂಷೆಯಲ್ಲಿಟ್ಟು ಊದಬೇಕು. ಜ್ವಾಲೆಯು ನೀಲಿಯಿಂದ ಬಿಳುಪಿಗೆ ತಿರುಗಿದಾಗ ತವರದಂತಹ ಸತ್ತ್ವವು ದೊರೆಯುವುದು. ಅಲ್ಲಿಯೇ ಹೇಳಿರುವ ಮತ್ತೊಂದು ಕ್ರಮದಲ್ಲಿ ಮೂಷೆಯನ್ನು ತಲೆಕೆಳಗಾಗಿ ಇರಿಸಿ, ನಡುವೆ ರಂಧ್ರವುಳ್ಳ ಬಿಲ್ಲೆಯನ್ನು ಕೊಟ್ಟು, ಕೆಳಗೆ ನೀರಿನ ಸ್ಥಾಲಿಯನ್ನು ಇಡಬೇಕೆಂದಿದೆ. ಈ ತಲೆಕೆಳಗಿನ ಏರ್ಪಾಡಿಗೆ ಕಾರಣವುಂಟು. ರಸಕದಿಂದ ಲೋಹವು ಬಿಡುಗಡೆಯಾಗಲು ಸುಮಾರು 1000 ಡಿಗ್ರಿಯ ಉಷ್ಣ ಬೇಕು. ಆ ಲೋಹವಾದರೋ 907ರಲ್ಲಿಯೇ ಕುದಿಯತಕ್ಕದ್ದು. ಹುಟ್ಟುವಾಗಲೇ ಆವಿಯಾಗಿ ಹುಟ್ಟುವ ಅದು ಗಾಳಿ ತಗುಲಿದೊಡನೆ ಬೂದಿಯಾಗಿ ಬಿಡುತ್ತದೆ. ಬೆಂಕಿ ಸಾಲದಿದ್ದರೆ ಸತ್ತ್ವವಿಲ್ಲ. ತಂಪು ತಪ್ಪಿದರೆ ಕೈಗೆ ಹತ್ತುವುದು ಪುಡಿ ಮಾತ್ರ.

ಇದು ಬರಿಯ ಬರಹವಲ್ಲವೆಂಬುದಕ್ಕೆ ರಾಜಸ್ಥಾನದ ಜಾವರ್ ಎಂಬಲ್ಲಿ 1983ರಲ್ಲಿ ಅಗೆದು ತೆಗೆದ ಕುಲುಮೆಗಳೇ ಪ್ರಮಾಣ. ಒಂದೊಂದರಲ್ಲಿ 36 ಬದನೆಯಾಕಾರದ ಮೂಷೆಗಳು ಬಾಯಿ ಕೆಳಗಾಗಿ ನಿಂತಿದ್ದುವು. ಮೇಲೆ ಬೆಂಕಿ, ಕೆಳಗೆ ತಂಪಿನ ಕೋಣೆ, ನಡುವೆ ರಂಧ್ರದ ಬಿಲ್ಲೆ. ದೊಡ್ಡದೊಂದರ ಬದಲು ಸಣ್ಣ ಮೂಷೆಗಳು ಹಲವೇಕೆಂಬುದು ವಿಚಾರಾರ್ಹ. ಮಣ್ಣಿನ ಗೋಡೆಯು ಶಾಖವನ್ನು ಮಂದವಾಗಿ ಒಯ್ಯುವುದು. ಪಾತ್ರೆಯು ಕಿರಿದಾದಷ್ಟೂ ಒಳಗಿನ ದ್ರವ್ಯಕ್ಕೆ ಮೈಯ ವಿಸ್ತಾರ ಹೆಚ್ಚು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ಚಾಂಪಿಯನ್ನನು ಇದೇ ಅಧಃಪಾತನಕ್ಕೆ ಹಕ್ಕುಪತ್ರ ಪಡೆದುದು 1738ರಲ್ಲಿ.

ಈ ಲೋಹಕ್ಕೆ ಕನ್ನಡದಲ್ಲಿ ಸತು, ಸತುವು ಎಂಬ ಹೆಸರುಗಳಿವೆ. ಇದು ರಸಕಸತ್ತ್ವದ ‘ಸತ್ತ್ವ’ಶಬ್ದದಿಂದಲೇ ಬಂದಿತೆಂದು ಊಹಿಸುವುದಕ್ಕೆ ಅರ್ಥವೂ ರೂಪವೂ ಅನುಕೂಲವಾಗಿವೆ. ಬಿದರಿಯ ಪಾತ್ರೆಗಳ ಎರಕದಲ್ಲಿ ಬಹುಭಾಗ ಸತುವೇ, ತಾಮ್ರ ಅತ್ಯಲ್ಪ. ಅಲ್ಲಿ ಕುದಿಯುವುದು ಬೇಡದ ಸಂಗತಿ. ಲೋಹ ಕರಗಿದರೆ ಸಾಕು.

ಕನ್ನಡನಾಡಿನಲ್ಲಿ ತಿರ್ಯಕ್ಪಾತನವು ದೊಡ್ಡ ಪ್ರಮಾಣದಲ್ಲಿ ನಡೆದದ್ದು ವೈದ್ಯರ ಮನೆಗಳಲ್ಲಲ್ಲ, ಕೋಲಾರದ ಚಿನ್ನದ ಗಣಿಗಳಲ್ಲಿ. 1880ರ ದಶಕದ ತರುವಾಯ ಅಲ್ಲಿ ಅದುರನ್ನು ಕುಟ್ಟಿ, ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ನೀರಿನೊಡನೆ ಹರಿಸುತ್ತಿದ್ದರು. ಚಿನ್ನವನ್ನು ಹಿಡಿದ ಪಾದರಸವನ್ನು ಕೆರೆದು, ಹಿಂಡಿ, ಕಬ್ಬಿಣದ ಬಕಯಂತ್ರದಲ್ಲಿಟ್ಟು ಕಾಸಿದರೆ ಪಾದರಸವು ತಣ್ಣನೆಯ ಕೊಳವೆಯಲ್ಲಿ ಇಳಿದುಹೋಗಿ ಹೊನ್ನು ಉಳಿಯುವುದು. ಈ ಕಾರ್ಯದಲ್ಲಿ ಉರಿಯನ್ನು ಮೆಲ್ಲನೆ ಏರಿಸಬೇಕು. ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಬಾರದು, ಯಂತ್ರವು ತಣಿಯುವಾಗ ನೀರು ಒಳಗೆ ಸೆಳೆಯಲ್ಪಟ್ಟು ಸಿಡಿಯುವ ಭಯವುಂಟು. ಆವಿ ಸೋರಿದರಂತೂ ಕೆಲಸಗಾರನ ಮೈಗೆ ವಿಷವೇ ಸರಿ. ಗಣಿಗಳು 2001ರಲ್ಲಿ ಮುಚ್ಚಿದುವು.

ಅಮೆರಿಕದ ಎಮೆಟ್ಟನು 1923ರಲ್ಲಿ ಹಾರ್ಟ್‌ಫರ್ಡಿನಲ್ಲಿ ಪಾದರಸದ ಆವಿಯಿಂದ ವಿದ್ಯುತ್ತನ್ನು ಪಡೆಯಹೊರಟನು. ಆಗ ತಲೆದೋರಿದ ತೊಡಕು ಸ್ವಾರಸ್ಯವಾದುದು: ಪಾದರಸವು ಉಕ್ಕಿಗೆ ಅಂಟದು, ನಡುವೆ ಆವಿಯ ಪೊರೆ ನಿಂತು ಶಾಖವು ದಾಟದು. ಮುಂದೆ ಮೆಗ್ನೀಸಿಯಂ, ಟೈಟೇನಿಯಂಗಳನ್ನು ಲೇಶವಾಗಿ ಬೆರಸಿ ಪಾದರಸವು ಅಂಟುವಂತೆ ಮಾಡಿದರು. ಇದನ್ನು ಕಂಡು, ತಾಮ್ರಪಿಷ್ಟಿಯ ವಿಧಿಯೂ ಇದೇ ಉದ್ದೇಶದ್ದೆಂದು ಸಾಧಿಸಹೊರಡುವುದು ಸಲ್ಲದು. ಗ್ರಂಥಕಾರನು ಹೇಳಿದ ಪ್ರಯೋಜನವು ನಾಗವಂಗನಿವೃತ್ತಿಯೊಂದೇ.