ಹಳೆಯ ಮರಗೆಲಸದ ಸಂರಕ್ಷಣೆ

ಸವದತ್ತಿಯ ಸಮೀಪದ ಹೂಲಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ದೇವಾಲಯವು ಶತಮಾನಗಳ ಮಳೆಗಾಳಿಯನ್ನು ಸಹಿಸಿ ಇಂದಿಗೂ ನಿಂತಿದೆ. ಆದರೆ ಆ ಕಾಲದ ಜನರ ಮನೆಗಳ ಕಂಬ, ತೊಲೆ, ಬಾಗಿಲುಗಳು ಉಳಿದಿಲ್ಲ. ಮರವು ಪ್ರತಿಯೊಂದು ತಲೆಮಾರಿನ ಆರೈಕೆಯನ್ನು ಬೇಡುವ ವಸ್ತು. ಒಂದು ತಲೆಮಾರು ಮರೆತರೂ ಗೆದ್ದಲು ಮರೆಯುವುದಿಲ್ಲ.

ಈ ಆರೈಕೆಯ ಉಜ್ವಲ ನಿದರ್ಶನವೊಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಭವನದಲ್ಲಿದೆ. ಅರಸ ಎರಡನೆಯ ರಿಚರ್ಡನು 14ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಅದರ ಓಕ್ ಮರದ ಛಾವಣಿಯು, ನಡುವೆ ಒಂದೂ ಕಂಬವಿಲ್ಲದೆ ಸುಮಾರು 68 ಅಡಿ ಅಗಲದ ಭವನವನ್ನು ಮುಚ್ಚಿದೆ. ಸತ್ಯವಿಶ್ವಾಸಕ್ಕಾಗಿ ಪ್ರಾಣವನ್ನಿತ್ತ ಸಂತ ತಾಮಸ್ ಮೋರರ ವಿಚಾರಣೆಯು 1535ರಲ್ಲಿ ನಡೆದದ್ದು ಈ ಛಾವಣಿಯ ಕೆಳಗೆಯೇ. 20ನೆಯ ಶತಮಾನದ ಆರಂಭದಲ್ಲಿ ಪರೀಕ್ಷಿಸಿದಾಗ, ಮರ ಕೊರೆಯುವ ದುಂಬಿಯ ಮರಿಗಳು ತೊಲೆಗಳ ಒಳಗನ್ನು ಟೊಳ್ಳಾಗಿಸಿದ್ದವು. ಅಂದಿನ ತಜ್ಞರು ಛಾವಣಿಯನ್ನು ಕೆಡವಲಿಲ್ಲ. 1914ರಿಂದ 1923ರವರೆಗೆ ದುಡಿದು, ಒಳಗೆ ಉಕ್ಕಿನ ಆಧಾರವನ್ನು ಅಳವಡಿಸಿ, ಹಳೆಯ ಮರವನ್ನು ಸಾಧ್ಯವಿದ್ದಷ್ಟು ಉಳಿಸಿಕೊಂಡರು. 1941ರ ಮೇ ತಿಂಗಳ ವಾಯುದಾಳಿಯಲ್ಲಿ ಪಕ್ಕದ ಕಾಮನ್ಸ್ ಸಭಾಂಗಣವು ಸುಟ್ಟುಹೋದಾಗಲೂ ಈ ಛಾವಣಿಯನ್ನು ರಕ್ಷಿಸಲಾಯಿತು.

ಗೋಡೆಗಳಿಗೆ ಹೊದಿಸಿದ ಓಕ್ ಹಲಗೆಗಳ ದುರಸ್ತಿಯಲ್ಲಿಯೂ ಇದೇ ನೀತಿಯಿದೆ. ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಅದೇ ಜಾತಿಯ ಮರದ ತುಂಡನ್ನು ಬೆಸೆಯುತ್ತಾರೆ. ಹಲಗೆಯನ್ನು ಚೌಕಟ್ಟಿಗೆ ಅಂಟಿಸಿ ಬಿಗಿಯುವುದಿಲ್ಲ. ಏಕೆಂದರೆ ತೇವದಲ್ಲಿ ಹಿಗ್ಗಿ ಒಣಹವೆಯಲ್ಲಿ ಕುಗ್ಗುವ ಮರಕ್ಕೆ ಎಡೆಯಿಲ್ಲದಿದ್ದರೆ ಅದು ಸೀಳುತ್ತದೆ. ಎಲ್ಲಕ್ಕಿಂತ ಮೊದಲು ಸೋರುವ ಛಾವಣಿಯನ್ನೂ ತೇವದ ಗೋಡೆಯನ್ನೂ ಸರಿಪಡಿಸುತ್ತಾರೆ.

ನಮ್ಮ ನಾಡಿನಲ್ಲಿಯೂ ಇಂತಹ ಕಾರ್ಯ ನಡೆದಿದೆ. 2017ರಲ್ಲಿ ದಿವಂಗತರಾದ ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಸ್ಥಾಪಿಸಿದರು. ನೆಲಸಮವಾಗಲಿದ್ದ ಕಟ್ಟಡಗಳ ಮರದ ಭಾಗಗಳನ್ನು ಗುರುತು ಹಾಕಿ ಬಿಚ್ಚಿ, ಅಲ್ಲಿಗೆ ಸಾಗಿಸಿ, ಯಥಾಸ್ಥಿತಿಯಲ್ಲಿ ಪುನಃ ಜೋಡಿಸಲಾಯಿತು. ನಮ್ಮ ರಾಮದುರ್ಗದಾಚೆಯ ಮುಧೋಳ ಅರಮನೆಯ ದರ್ಬಾರು ಸಭಾಂಗಣವೂ, ಮಂಗಳೂರಿನ ಕ್ರೈಸ್ತ ಮನೆಯೂ ಅಲ್ಲಿ ಮರುಹುಟ್ಟು ಪಡೆದಿವೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಬಲಿಪೀಠವು ಜನಾಭಿಮುಖವಾದಾಗ, ಅನೇಕ ದೇವಾಲಯಗಳಿಂದ ಹಳೆಯ ಮರದ ಪೀಠಗಳೂ ಪ್ರಸಂಗವೇದಿಕೆಗಳೂ ಕಣ್ಮರೆಯಾದವು. ಆದರೆ ಅದೇ ಮಹಾಸಭೆಯು, ಆರಾಧನಾವಿಧಿಯನ್ನು ಕುರಿತ 1963ರ ತನ್ನ ಪ್ರಕಟಣೆಯಲ್ಲಿ, ಬೆಲೆಯುಳ್ಳ ಪವಿತ್ರ ವಸ್ತುಗಳು ಪರರ ಪಾಲಾಗದಂತೆ ಎಚ್ಚರವಹಿಸಬೇಕೆಂದು ಧರ್ಮಾಧ್ಯಕ್ಷರಿಗೆ ವಿಧಿಸಿದೆ ಎಂಬುದನ್ನು ನಾವು ಮರೆಯಲಾಗದು.

ಶತಮಾನೋತ್ಸವದ ಸಂಭ್ರಮದಲ್ಲಿ ಹೊಸತನ್ನು ಕಟ್ಟುವ ಹುಮ್ಮಸ್ಸು ಸಹಜ. ಆದರೂ ಹಳೆಯ ಪೀಠವನ್ನೋ ಪಾಪನಿವೇದನೆಯ ಆಸನವನ್ನೋ ಸೌದೆಗೆಂದು ಹೊರಹಾಕುವ ಮುನ್ನ, ನುರಿತ ಬಡಿಗೇರರಿಂದ ಒಮ್ಮೆ ಪರೀಕ್ಷಿಸೋಣ. ನಮ್ಮ ಅಜ್ಜ–ಮುತ್ತಜ್ಜಿಯರು ಮೊಣಕಾಲೂರಿ ಸವೆಸಿದ ಆ ಹಲಗೆಗೆ ಸಮನಾದುದನ್ನು ಯಾವ ಹಣವೂ ಮತ್ತೆ ಕೊಳ್ಳಲಾರದು.