ನಾಯಿಯ ಅಪರಾಧವೂ ಆತಕೂರಿನ ಶಾಸನವೂ

ಬಂಟವಾಳದ ಸಮೀಪದಲ್ಲಿ ನೇತ್ರಾವತೀ ತೀರದಲ್ಲಿರುವ ನರಿಕೊಂಬು ಗ್ರಾಮದ ಹೆಸರನ್ನು ಕೇಳಿದ ತರ್ಕಾಭ್ಯಾಸಿಗೆ ಶಶವಿಷಾಣದ ದೃಷ್ಟಾಂತವು ನೆನಪಾಗದೆ ಇರದು. ಊರಿನ ಹೆಸರಿನ ನಿಷ್ಪತ್ತಿಯು ಏನೇ ಇರಲಿ, ಮೊಲದ ಕೊಂಬೆಂಬುದು ಮಾತಿನಲ್ಲಿ ಮಾತ್ರ ಇರುವ ವಸ್ತು. ನರಿಯ ಕೊಂಬನ್ನಾದರೋ ತಾಯಿತಿಯಲ್ಲಿ ಧರಿಸಿದರೆ ಶ್ರೇಯಸ್ಸೆಂದು ನಂಬಿ ಕೊಳ್ಳುವವರೂ, ಏನನ್ನೋ ತೋರಿಸಿ ಮಾರುವವರೂ ದಕ್ಷಿಣದೇಶದಲ್ಲಿ ಬಹುಕಾಲದಿಂದ ಇದ್ದಾರೆ. ನರಿಯ ಜ್ಞಾತಿಯಾದ ನಾಯಿಯ ವಿಷಯದಲ್ಲಿಯೂ ಇಂಥದೊಂದು ಪ್ರಶ್ನೆಯುಂಟು. ನಾಯಿಗೆ ತಾನು ಮಾಡಿದ ತಪ್ಪಿನ ಅರಿವುಂಟೆ? ಪಶ್ಚಾತ್ತಾಪವುಂಟೆ? ಅಥವಾ ಅದೂ ಮನುಷ್ಯನು ಕಲ್ಪಿಸಿಕೊಂಡ ಕೊಂಬೆ?

ಅಡಿಗೆಮನೆಗೆ ನುಗ್ಗಿ ಹಾಲಿನ ಪಾತ್ರೆಯನ್ನು ಉರುಳಿಸಿದ ನಾಯಿಯು ಯಜಮಾನನು ಬಾಗಿಲಿಗೆ ಬರುತ್ತಲೇ ಕಿವಿಗಳನ್ನು ಹಿಂದಕ್ಕೆ ಮಡಿಸಿ, ಬಾಲವನ್ನು ಕಾಲುಗಳ ನಡುವೆ ಸೇರಿಸಿ, ಕಣ್ಣುತಪ್ಪಿಸಿ ಮೂಲೆಗೆ ಸರಿಯುವುದನ್ನು ಎಲ್ಲರೂ ಕಂಡಿರುವರು. ಕಂಡವರೆಲ್ಲರೂ “ತಪ್ಪು ಮಾಡಿದ್ದೇನೆಂದು ಅದಕ್ಕೆ ಗೊತ್ತಿದೆ” ಎಂದು ಹೇಳುವರು, ಹೇಳಿ ಕೋಲನ್ನೆತ್ತುವರು. ಆ ತಗ್ಗಿದ ಮುಖವು ತಪ್ಪಿನ ಅರಿವಿನಿಂದಾದುದೋ ಕೋಲಿನ ಭಯದಿಂದಾದುದೋ ಎಂಬುದೇ ಇಲ್ಲಿ ವಿಚಾರಿಸತಕ್ಕ ಅಂಶವು.

ಈ ವಿಚಾರವು ನಮ್ಮ ಪೂರ್ವಿಕರಿಗೆ ಹೊಸತಲ್ಲ. ದೇವಶುನಿಯಾದ ಸರಮೆಯು ಪಣಿಗಳು ಅಪಹರಿಸಿದ ಗೋವುಗಳನ್ನು ಅರಸಿಹೋದ ಸಂವಾದವು ಋಗ್ವೇದದ ಹತ್ತನೆಯ ಮಂಡಲದಲ್ಲಿದೆ. ಬೃಹದ್ದೇವತೆಯಲ್ಲಿ ಈ ಕಥೆಯು ಬೇರೊಂದು ರೂಪವನ್ನು ತಾಳಿದೆ. ಸರಮೆಯು ಪಣಿಗಳಲ್ಲಿ ಹಾಲನ್ನು ಕುಡಿದು ಹಿಂದಿರುಗಿ, ಗೋವುಗಳನ್ನು ಕಂಡೆಯಾ ಎಂದು ಇಂದ್ರನು ಕೇಳಿದಾಗ ಕಾಣಲಿಲ್ಲವೆಂದು ಸುಳ್ಳಾಡಿದಳಂತೆ. ಇಂದ್ರನು ಕಾಲಿನಿಂದ ಒದೆಯಲು ಅವಳು ಹಾಲನ್ನು ಕಾರುತ್ತ ಪಣಿಗಳ ಕಡೆಗೇ ಓಡಿದಳು. ಆಗ ಅವಳ ಮನಸ್ಸಿನಲ್ಲಿದ್ದುದು ಭಯವೆಂದು ಗ್ರಂಥಕಾರನು ಹೇಳುತ್ತಾನೆ; ಪಶ್ಚಾತ್ತಾಪವೆಂದು ಹೇಳುವುದಿಲ್ಲ. ವಾಚಕರು ಈ ಭೇದವನ್ನು ಲಕ್ಷ್ಯದಲ್ಲಿಡಬೇಕು.

ಮಹಾಭಾರತದ ಆದಿಪರ್ವದಲ್ಲಿ ಬರುವ ಪ್ರಸಂಗವು ಇದಕ್ಕಿಂತಲೂ ಸೂಕ್ಷ್ಮವಾದುದು. ಕುರುಕ್ಷೇತ್ರದಲ್ಲಿ ಜನಮೇಜಯನು ಸತ್ರವನ್ನು ನಡೆಯಿಸುತ್ತಿರುವಾಗ ಸರಮೆಯ ಮಗನೊಬ್ಬನು ಅಲ್ಲಿಗೆ ಬಂದನು. ರಾಜನ ತಮ್ಮಂದಿರು ಅವನನ್ನು ಹೊಡೆದರು. ಅಳುತ್ತ ಬಂದ ಮಗನನ್ನು ಕಂಡು ತಾಯಿಯು ಮೊದಲು ಮರುಗಲಿಲ್ಲ. ನೀನು ಏನೋ ಅಪರಾಧವನ್ನು ಮಾಡಿರಬೇಕೆಂದಳು. ತಾನು ಹವಿಸ್ಸನ್ನು ನೆಕ್ಕುವುದಿರಲಿ, ಕಣ್ಣೆತ್ತಿಯೂ ನೋಡಲಿಲ್ಲವೆಂದು ಮರಿಯು ತಿಳಿಸಿದ ಬಳಿಕವೇ ಅವಳು ಯಜ್ಞಶಾಲೆಗೆ ಹೋಗಿ, ನಿರಪರಾಧಿಯನ್ನೇಕೆ ಹೊಡೆದಿರೆಂದು ಪ್ರಶ್ನಿಸಿದಳು. ಉತ್ತರ ಕೊಡುವವರಾರೂ ಇರಲಿಲ್ಲ. ಆಗ ಅವಳು ಕಾಣದ ಭಯವು ನಿನ್ನನ್ನು ಸೇರಲೆಂದು ರಾಜನನ್ನು ಶಪಿಸಿದಳು. ಹೊಡೆದವರು ವಿಚಾರಿಸಲಿಲ್ಲ, ನಾಯಿಯಾದ ತಾಯಿಯು ವಿಚಾರಿಸಿದಳು. ಕಥೆಯ ಮರ್ಮವು ಇಷ್ಟೇ.

ಇನ್ನು ನಾಯಿಗೆ ಮನಸ್ಸೇ ಇಲ್ಲವೆಂಬ ಪಕ್ಷವು ನಿಲ್ಲತಕ್ಕುದಲ್ಲ. ನರಿಕೊಂಬಿನಿಂದ ಬಹುದೂರವಲ್ಲದ ಮೂಡಬಿದಿರೆಯ ಬಸದಿಗಳಲ್ಲಿ ಪೂಜ್ಯವಾದ ಜೈನಶಾಸ್ತ್ರವು ನಾಯಿಯನ್ನು ಮನಸ್ಸುಳ್ಳ ಪಂಚೇಂದ್ರಿಯಜೀವಗಳಲ್ಲಿ ಎಣಿಸುತ್ತದೆ. ಜೀವಂಧರನ ಕಥೆಯಲ್ಲಿ, ಹವಿಸ್ಸನ್ನು ಮುಟ್ಟಿತೆಂದು ಪೆಟ್ಟುತಿಂದು ಸಾಯುತ್ತಿದ್ದ ನಾಯಿಯೊಂದು ಪಂಚನಮಸ್ಕಾರಮಂತ್ರವನ್ನು ಕೇಳಿ ಯಕ್ಷನಾಗಿ ಹುಟ್ಟಿತೆಂದಿದೆ. ಆಧುನಿಕರ ಪರೀಕ್ಷೆಗಳೂ ನಾಯಿಯ ಬುದ್ಧಿಯನ್ನು ಒಪ್ಪುತ್ತವೆ. ಅಮೆರಿಕೆಯಲ್ಲಿ ಚೇಸರ್ ಎಂಬ ನಾಯಿಯು 1,022 ವಸ್ತುಗಳ ಹೆಸರುಗಳನ್ನು ಬೇರೆಬೇರೆಯಾಗಿ ಕಲಿತಿತೆಂಬುದು 2011ರಲ್ಲಿ ಪ್ರಕಟವಾಯಿತು. ಆದರೆ ಹೆಸರನ್ನು ಅರಿಯುವುದು ಬೇರೆ, ಅಧರ್ಮವನ್ನು ಅರಿಯುವುದು ಬೇರೆ.

ನಾಯಿಯಲ್ಲಿ ಅಂತಃಸಾಕ್ಷಿಯನ್ನು ಹೋಲುವ ಏನೋ ಒಂದಿದೆಯೆಂದು ಡಾರ್ವಿನ್ ಪಂಡಿತನು 1871ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಭಿಪ್ರಾಯಪಟ್ಟಿದ್ದನು. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿಯು ತಪ್ಪಿತಸ್ಥ ಮುಖವೆಂದು ಜನರು ಹೇಳುವುದನ್ನು ಪರೀಕ್ಷೆಗೆ ಗುರಿಪಡಿಸಿ, ಅದರ ಫಲವನ್ನು 2009ರಲ್ಲಿ ಪ್ರಕಟಿಸಿದಳು. ಪರೀಕ್ಷೆಗೆ ಒಳಗಾದ ನಾಯಿಗಳು 14. ಯಜಮಾನನು ತಿನಿಸೊಂದನ್ನು ತಿನ್ನಬೇಡವೆಂದು ನಾಯಿಗೆ ಹೇಳಿ ಹೊರಗೆ ಹೋಗಬೇಕು. ಅವನಿಲ್ಲದಾಗ ಕೆಲವು ಸಲ ನಾಯಿಗೆ ಆ ತಿನಿಸನ್ನು ಕೊಡಲಾಗುತ್ತಿತ್ತು, ಕೆಲವು ಸಲ ಅದನ್ನು ತೆಗೆದುಬಿಡಲಾಗುತ್ತಿತ್ತು. ಹಿಂದಿರುಗಿದ ಯಜಮಾನನಿಗೆ ಕೆಲವೊಮ್ಮೆ ನಿಜವನ್ನೂ ಕೆಲವೊಮ್ಮೆ ಸುಳ್ಳನ್ನೂ ಹೇಳಲಾಗುತ್ತಿತ್ತು. ನಾಯಿಯು ತಿಂದಿತೆಂದು ಕೇಳಿದವನು ಅದನ್ನು ಗದರಿಸುತ್ತಿದ್ದನು. ತಿಂದ ನಾಯಿಯೇ ತಲೆತಗ್ಗಿಸಿತೆಂದು ಕಂಡುಬರಲಿಲ್ಲ. ಗದರಿಸಿಕೊಂಡ ನಾಯಿಯು ತಲೆತಗ್ಗಿಸಿತು. ಅದರಲ್ಲಿಯೂ, ತಿನ್ನದೆ ಆಜ್ಞೆಯನ್ನು ಪಾಲಿಸಿ ವೃಥಾ ಗದರಿಸಿಕೊಂಡ ನಾಯಿಗಳಲ್ಲಿಯೇ ಆ ಮುಖವು ಹೆಚ್ಚಾಗಿ ತೋರಿತು.

ನೈಯಾಯಿಕರ ಪರಿಭಾಷೆಯಲ್ಲಿ ಇದನ್ನು ಸುಲಭವಾಗಿ ಹೇಳಬಹುದು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ, ಆದುದರಿಂದ ಹೊಗೆಯು ಬೆಂಕಿಗೆ ಸದ್ಧೇತುವಾಗುತ್ತದೆ. ತಗ್ಗಿದ ಮುಖವಾದರೋ ಅಪರಾಧವಿದ್ದಲ್ಲಿಯೂ ಇದೆ, ಇಲ್ಲದಲ್ಲಿಯೂ ಇದೆ. ಆದುದರಿಂದ ಅದು ಸವ್ಯಭಿಚಾರವೆಂಬ ಹೇತ್ವಾಭಾಸವು. ಆ ಮುಖದಿಂದ ಅಪರಾಧವನ್ನು ಊಹಿಸುವ ಯಜಮಾನನು ತನ್ನ ಕೋಪದ ಪ್ರತಿಬಿಂಬವನ್ನೇ ಸಾಕ್ಷಿಯೆಂದು ತೆಗೆದುಕೊಳ್ಳುತ್ತಾನೆ.

ಆದರೆ ಇಷ್ಟರಿಂದಲೇ ನಾಯಿಗೆ ಪಶ್ಚಾತ್ತಾಪವಿಲ್ಲವೆಂದು ಸಿದ್ಧವಾಗದು. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಟ್ಟದಲ್ಲಿ ಬೆಂಕಿಯಿದೆಯೆಂದವನ ಅನುಮಾನವು ದುಷ್ಟವಾದರೂ ಬೆಟ್ಟದಲ್ಲಿ ಬೆಂಕಿಯು ಇರಲೂಬಹುದು. ಹೊರೊವಿಟ್ಸ್ ವಿದುಷಿಯ ಪರೀಕ್ಷೆಯು ಮುಖವು ಸಾಕ್ಷಿಯಲ್ಲವೆಂದಿತೇ ಹೊರತು ಒಳಗೆ ಏನೂ ಇಲ್ಲವೆನ್ನಲಿಲ್ಲ.

ಹೀಗೆ ನಿಶ್ಚಯವಿಲ್ಲದ ಸ್ಥಳದಲ್ಲಿ ಮನುಷ್ಯನ ಕರ್ತವ್ಯವೇನೆಂಬುದಕ್ಕೆ ಕನ್ನಡನಾಡಿನ ಶಿಲೆಯೊಂದು ಮಾರ್ಗವನ್ನು ತೋರಿಸುತ್ತದೆ. ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಶಾಸನ. ಕಾಲವು ಕ್ರಿ. ಶ. 949–50. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ವೀರನಾದ ಮಣಲೇರನು ತನಗೆ ಮೆಚ್ಚುಗೆಯಾಗಿ ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಹಿರಿಯದೊಂದು ಹಂದಿಯ ಮೇಲೆ ಬಿಡಲಾಗಿ, ಹಂದಿಯೂ ನಾಯಿಯೂ ಜೊತೆಯಲ್ಲಿಯೇ ಸತ್ತುವು. ಚಲ್ಲೇಶ್ವರದೇವರ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲುಭಾಗದಲ್ಲಿ ನಾಯಿಯೂ ಹಂದಿಯೂ ಹೋರಾಡುವ ಚಿತ್ರವಿದೆ.

ಆ ಸ್ಥಾನದ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯು ಮಾಡಿದ ಪಾಪವು ಅವನಿಗೆ ತಟ್ಟುವುದೆಂಬುದು ಶಾಸನದ ತಾತ್ಪರ್ಯ. ಸಾಮಾನ್ಯವಾಗಿ ದತ್ತಿಗೆ ತಪ್ಪಿದವರಿಗೆ ಶಾಸನಗಳು ಹೊರಿಸುವುದು ಕವಿಲೆಯನ್ನು ಕೊಂದ ಪಾಪವನ್ನು. ಇಲ್ಲಿ ನಾಯಿಗೂ ಪಾಪವುಂಟೆಂದು ಒಪ್ಪಲಾಗಿದೆ. ಆದರೆ ಅದಕ್ಕಾಗಿ ನಾಯಿಯನ್ನು ಯಾರೂ ದಂಡಿಸಲಿಲ್ಲ, ಅದರ ಪಶ್ಚಾತ್ತಾಪವನ್ನು ಯಾರೂ ಕೇಳಲಿಲ್ಲ. ಅದಕ್ಕೆ ಸಂದುದು ಪೂಜೆ. ಪಾಪವು ಹೋಗಿ ಸೇರುವುದು ಕರ್ತವ್ಯವನ್ನು ಅರಿತೂ ಮರೆತು ಉಣ್ಣುವ ಮನುಷ್ಯನನ್ನು.

ನಾಯಿಯ ಅಂತರಂಗದಲ್ಲಿ ಪಶ್ಚಾತ್ತಾಪವಿದೆಯೋ ಇಲ್ಲವೋ, ಅದು ಮುಂದಿನವರ ಪರೀಕ್ಷೆಗೆ ಬಿಟ್ಟ ವಿಷಯ. ಮನುಷ್ಯನ ಅಂತರಂಗದಲ್ಲಿ ಅದು ಇರಬೇಕೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಹಾಲು ಉರುಳಿದ ಮನೆಯಲ್ಲಿ ಕೋಲನ್ನೆತ್ತುವ ಮೊದಲು, ಸರಮೆಯು ತನ್ನ ಮಗನನ್ನು ಕೇಳಿದ ಪ್ರಶ್ನೆಯನ್ನು ಯಜಮಾನನು ತನ್ನನ್ನೇ ಒಮ್ಮೆ ಕೇಳಿಕೊಳ್ಳುವುದು ಯುಕ್ತವು. ಪಾತ್ರೆಯನ್ನು ಮುಚ್ಚದೆ ಹೋದವರಾರೆಂಬುದು ಆಗ ತಿಳಿದುಬಂದರೂ ಬರಬಹುದು.